ದೇವರ ಚಿತ್ತ ಕೇಳುವವರ ಗಂಟುಮೂಟೆ

ಡಿಸೆಂಬರ್ 31ರ ನಡುರಾತ್ರಿಯ ಆರಾಧನೆ ಮುಗಿಯುವ ಹೊತ್ತಿಗೆ ನಮ್ಮ ಅನೇಕ ಪ್ರಾಟೆಸ್ಟಂಟ್ ಸಭೆಗಳಲ್ಲಿ ಒಂದು ತಟ್ಟೆ ಹೊರಬರುತ್ತದೆ. ಅದರ ತುಂಬ ಬೋರಲು ಹಾಕಿದ ಪುಟ್ಟ ಕಾರ್ಡುಗಳು; ಒಂದೊಂದರಲ್ಲೂ ಬೈಬಲ್ಲಿನ ಒಂದೊಂದು ವಚನ. ಸಾಲಾಗಿ ಬಂದವರು ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳುತ್ತಾರೆ. ಅದು ಅವರ ಹೊಸ ವರ್ಷದ ವಾಗ್ದಾನ. ಕಾರ್ಡನ್ನು ದೀಪದ ಕೆಳಗೆ ಹಿಡಿದು ಓದುವಾಗಿನ ಮುಖಗಳನ್ನು ನೋಡಬೇಕು. ಕೆಲವರು ನಿಂತಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ. ಕೆಲವರು ಪಕ್ಕದವರ ಕಾರ್ಡನ್ನು ಇಣುಕಿ, ತಮ್ಮದಕ್ಕಿಂತ ಅದೇ ಚೆನ್ನಾಗಿದೆ ಎಂದುಕೊಳ್ಳುತ್ತಾರೆ. ಮಗಳಿಗೆ ಬಂದಿರುವ ಸಂಬಂಧ ಒಪ್ಪಬೇಕೆ, ದುಬೈಯ ಕೆಲಸ ಹಿಡಿಯಬೇಕೆ, ಸಾಲ ಮಾಡಿ ಸೈಟು ಕೊಳ್ಳಬೇಕೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ಮುಂದಿನ ಹನ್ನೆರಡು ತಿಂಗಳು ಆ ಕಾರ್ಡಿನ ಕಡೆ ಕಣ್ಣು ಹೋಗುತ್ತದೆ.

ಈ ಕಾರ್ಡುಗಳಲ್ಲಿ ಪದೇಪದೇ ಕಾಣುವುದು ಯೆರೆಮೀಯನ ಗ್ರಂಥದ 29ನೇ ಅಧ್ಯಾಯದ 11ನೇ ವಚನ. ನಿಮ್ಮ ವಿಷಯದಲ್ಲಿ ನನ್ನ ಆಲೋಚನೆಗಳು ಹಿತದವೇ ಹೊರತು ಕೇಡಿನವಲ್ಲ, ನಿಮಗೆ ಭವಿಷ್ಯವಿದೆ, ನಿರೀಕ್ಷೆಯಿದೆ ಎಂದು ದೇವರು ಹೇಳುವ ಮಾತು ಅದು. ಕ್ಯಾಲೆಂಡರಿನಲ್ಲಿ, ಕಾಫಿ ಮಗ್ಗಿನಲ್ಲಿ, ಕಾರಿನ ಹಿಂಗಾಜಿನಲ್ಲಿ ಎಲ್ಲೆಲ್ಲೂ ಅದಿದೆ. ಆದರೆ ಅದು ಮೊದಲು ಇದ್ದದ್ದು ಒಂದು ಕಾಗದದಲ್ಲಿ. ಬಾಬಿಲೋನಿಗೆ ಸೆರೆಹೋದ ಯೆಹೂದ್ಯರಿಗೆ ಯೆರೂಸಲೇಮಿನಿಂದ ಯೆರೆಮೀಯ ಬರೆದ ಪತ್ರ ಅದು. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಅದರ ಫಲ ಉಣ್ಣಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎನ್ನುತ್ತದೆ ಪತ್ರ. ಬಿಡುಗಡೆ ಯಾವಾಗ? ಎಪ್ಪತ್ತು ವರ್ಷವಾದ ಮೇಲೆ. ಇದು ಹತ್ತನೇ ವಚನ. ಹನ್ನೊಂದರ ಬೆನ್ನಿಗೇ ಇರುವಂಥದ್ದು. ಕಾರ್ಡು ಅಚ್ಚುಮಾಡುವವರು ಮಾತ್ರ ಹತ್ತನ್ನು ದಾಟಿ ಹನ್ನೊಂದಕ್ಕೆ ಬರುತ್ತಾರೆ.

ಎಂದರೆ ಆ ಪತ್ರವನ್ನು ಓದಿಸಿ ಕೇಳಿದ ಪ್ರಾಯದವರಲ್ಲಿ ಹೆಚ್ಚಿನವರು ಅದು ನೆರವೇರುವ ಮೊದಲೇ ಪರದೇಶದ ಮಣ್ಣಿಗೆ ಸೇರುವವರಿದ್ದರು. ಅದೇ ಕಾಲದಲ್ಲಿ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ದೇವಾಲಯದಲ್ಲಿ ನಿಂತು ಸಾರಿದ್ದ. ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಎಲ್ಲರೆದುರು ಮುರಿದೂ ತೋರಿಸಿದ್ದ. ಆ ದಿನ ಕಾರ್ಡು ಹಂಚಿದ್ದರೆ ಜನ ಮುಗಿಬಿದ್ದು ಎತ್ತಿಕೊಳ್ಳುತ್ತಿದ್ದದ್ದು ಹನನ್ಯನ ಮಾತನ್ನೇ.

ತಟ್ಟೆಯ ಮುಂದೆ ಕೈಚಾಚುವವರನ್ನು ನಾನು ಹಂಗಿಸುತ್ತಿಲ್ಲ. ಆ ಕೈಗಳ ಹಿಂದೆ ಎಂಥೆಂಥ ಕಷ್ಟಗಳಿವೆ ಎಂಬುದು ಸಭೆಯೊಳಗಿನವರಿಗೆ ಗೊತ್ತು. ನನ್ನ ತಕರಾರು ಇರುವುದು ಪ್ರಾರ್ಥನೆಯ ಹೆಸರಿನಲ್ಲಿ ಬೆಳೆದಿರುವ ಒಂದು ನಿರೀಕ್ಷೆಯ ಬಗ್ಗೆ. ದೇವರ ಚಿತ್ತ ತಿಳಿಯುವುದೆಂದರೆ ಮುಂದೆ ಏನಾಗುತ್ತದೆಂಬ ಮಾಹಿತಿ ಮುಂಚಿತವಾಗಿ ಕೈಗೆ ಸಿಗುವುದು ಎಂದು ನಾವು ನಂಬಿಕೊಂಡಿದ್ದೇವೆ. ಬೈಬಲನ್ನು ಒಟ್ಟಾಗಿ ಓದಿದರೆ ಸಿಗುವ ಚಿತ್ರ ಬೇರೆ. ಕೇಳುವವನು ತನ್ನ ಇಷ್ಟವನ್ನು ತಂದು, ಅದು ತಿರಸ್ಕಾರವಾಗಬಹುದಾದ ಒಂದು ಜಾಗದಲ್ಲಿ ಇಡುತ್ತಾನೆ. ಆ ‘ಬೇಡ’ಕ್ಕೆ ಎಡೆಯಿಲ್ಲದ ಕಡೆ ಎಷ್ಟು ದಿನ ಉಪವಾಸ ಮಾಡಿದರೂ ನಡೆಯುವುದು ಒಪ್ಪಿಗೆಯ ಸಹಿ ಹಾಕಿಸಿಕೊಳ್ಳುವ ಕೆಲಸ ಮಾತ್ರ.

ಇದಕ್ಕೆ ಯೆರೆಮೀಯನ ಗ್ರಂಥದಲ್ಲೇ ಇನ್ನೊಂದು ಪ್ರಸಂಗವಿದೆ. ವಾಗ್ದಾನದ ಕಾರ್ಡುಗಳು ಅದರ ಹತ್ತಿರವೂ ಸುಳಿಯುವುದಿಲ್ಲ. ಯೆರೂಸಲೇಮ್ ಬಿದ್ದಾಗಿದೆ. ಬಾಬಿಲೋನಿನವರು ನೇಮಿಸಿದ ಅಧಿಪತಿ ಗೆದಲ್ಯನನ್ನು ಊಟಕ್ಕೆ ಕೂತಲ್ಲೇ ಸ್ವಂತ ಜನರೇ ಕೊಂದುಹಾಕಿದ್ದಾರೆ. ಬಾಬಿಲೋನಿನ ಸೈನ್ಯ ಬಂದು ಸೇಡು ತೀರಿಸಿಕೊಳ್ಳುತ್ತದೆಂಬ ಹೆದರಿಕೆಯಲ್ಲಿ ಅಳಿದುಳಿದವರೆಲ್ಲ ಯೋಹಾನಾನ ಎಂಬ ದಂಡಿನ ಮುಖಂಡನ ಹಿಂದೆ ಹೊರಟು, ಐಗುಪ್ತದ ದಾರಿಯಲ್ಲಿ ಬೇತ್ಲೆಹೇಮಿನ ಹತ್ತಿರ ಬೀಡುಬಿಟ್ಟಿದ್ದಾರೆ. ಅಲ್ಲಿ ಎಲ್ಲರೂ, ಹಿರಿಯರು ಕಿರಿಯರೆನ್ನದೆ, ಯೆರೆಮೀಯನ ಬಳಿ ಬರುತ್ತಾರೆ. ನಾವು ಯಾವ ದಾರಿ ಹಿಡಿಯಬೇಕೆಂದು ದೇವರನ್ನು ಕೇಳಿ ಹೇಳು, ಒಳ್ಳೆಯದಾಗಲಿ ಕೆಟ್ಟದಾಗಲಿ ಅದರಂತೆ ನಡೆಯುತ್ತೇವೆ ಎಂದು ದೇವರನ್ನೇ ಸಾಕ್ಷಿಗಿಟ್ಟು ಮಾತು ಕೊಡುತ್ತಾರೆ. ಯೆರೆಮೀಯ ಪ್ರಾರ್ಥಿಸುತ್ತಾನೆ. ಉತ್ತರ ಬರುವುದು ಹತ್ತು ದಿನದ ಮೇಲೆ. ಇಲ್ಲೇ ಇರಿ, ಬಾಬಿಲೋನಿನ ಅರಸನಿಗೆ ಹೆದರಬೇಡಿ, ಐಗುಪ್ತಕ್ಕೆ ಹೋಗಬೇಡಿ. ಕೇಳಿದ ತಕ್ಷಣ ಅವರು ಏನೆನ್ನುತ್ತಾರೆ? ನೀನು ಸುಳ್ಳು ಹೇಳುತ್ತಿದ್ದೀ. ಆ ನಿನ್ನ ಬರಹಗಾರ ಬಾರೂಕನೇ ನಮ್ಮ ಮೇಲೆ ನಿನ್ನನ್ನು ಎತ್ತಿಕಟ್ಟಿದ್ದಾನೆ. ಅಷ್ಟು ಹೇಳಿ ಐಗುಪ್ತಕ್ಕೆ ಹೊರಟೇ ಬಿಡುತ್ತಾರೆ. ಯೆರೆಮೀಯನನ್ನೂ ಜೊತೆಗೆ ಒಯ್ಯುತ್ತಾರೆ.

ಅವರು ಕಪಟಿಗಳೆಂದು ನನಗನ್ನಿಸುವುದಿಲ್ಲ. ಕೇಳುವಾಗ ನಿಜವಾಗಿಯೇ ಕೇಳಿದ್ದರು. ಪ್ರಾಣಭಯದಲ್ಲಿದ್ದ ಜನ ಹತ್ತು ದಿನ ಸುಮ್ಮನೆ ಕಾಯುವುದೂ ಸಣ್ಣ ಮಾತಲ್ಲ. ಆದರೆ ಕೇಳುವ ಮೊದಲೇ ಗಂಟುಮೂಟೆ ಕಟ್ಟಿಯಾಗಿತ್ತು, ಬೀಡು ಬಿಟ್ಟದ್ದೇ ಐಗುಪ್ತದ ಹಾದಿಯಲ್ಲಿ. ಅವರ ಕಾಲು ಹೊರಟಾಗಿದೆ ಎಂಬುದು ಅವರ ಬಾಯಿಗೆ ಗೊತ್ತಿರಲಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ಇಲ್ಲಿ ವೈದ್ಯ ಬೇರೆ ಪಥ್ಯ ಹೇಳಿದ, ರೋಗಿ ವೈದ್ಯನನ್ನೇ ಸುಳ್ಳುಗಾರನೆಂದ. ಆದರೂ ಆ ಹತ್ತು ದಿನ ಪೂರ್ತಿ ವ್ಯರ್ಥವಾಗಲಿಲ್ಲ ಎಂದು ನನ್ನ ಭಾವನೆ. ತಮಗೆ ನಿಜವಾಗಿ ಏನು ಬೇಕಿತ್ತೆಂಬುದು ಆ ಪ್ರಾರ್ಥನೆಯಿಂದ ಬಯಲಾಯಿತು. ಪ್ರಾರ್ಥಿಸದೆಯೇ ಹೋಗಿದ್ದರೆ ಅದೂ ಗೊತ್ತಾಗುತ್ತಿರಲಿಲ್ಲ.

ಚೀಟಿ ಎತ್ತುವುದು ಬೈಬಲ್ಲಿಗೆ ಹೊರಗಿನದೇನೂ ಅಲ್ಲ. ಗಿದ್ಯೋನ ಕಣದಲ್ಲಿ ಉಣ್ಣೆಯ ತುಪ್ಪಟ ಹಾಸಿ, ಒಂದು ರಾತ್ರಿ ಅದು ಮಾತ್ರ ನೆನೆಯಲಿ, ಇನ್ನೊಂದು ರಾತ್ರಿ ಅದು ಮಾತ್ರ ಒಣಗಿರಲಿ ಎಂದು ಗುರುತು ಕೇಳಿದ. ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಿದ್ದು ಚೀಟಿ ಹಾಕಿಯೇ. ಆದರೆ ಗಮನಿಸಬೇಕಾದ ಸಂಗತಿಯೊಂದಿದೆ: ಅದಾದ ಮೇಲೆ ಪಂಚಾಶತ್ತಮ ದಿನ ಬರುತ್ತದೆ, ಪವಿತ್ರಾತ್ಮ ಇಳಿಯುತ್ತಾನೆ, ಮತ್ತೆ ಹೊಸ ಒಡಂಬಡಿಕೆಯಲ್ಲಿ ಶಿಷ್ಯರು ಚೀಟಿ ಹಾಕಿದ ಉದಾಹರಣೆ ಸಿಗುವುದಿಲ್ಲ. ಅಭ್ಯಾಸವೇನೋ ನಿಲ್ಲಲಿಲ್ಲ. ಬೈಬಲನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟ ಕಡೆ ಭವಿಷ್ಯ ಓದುವ ಚಾಳಿ ಎಷ್ಟು ಬೆಳೆದಿತ್ತೆಂದರೆ, ಫ್ರಾನ್ಸಿನ ನೆಲದಲ್ಲಿ 465ರ ವಾನ್, 506ರ ಆಗ್ಡ್, 511ರ ಓರ್ಲಿಯಾನ್ ಧರ್ಮಸಭೆಗಳು ಒಂದರ ಹಿಂದೊಂದು ಅದನ್ನು ನಿಷೇಧಿಸಿದವು. ಮೂರು ಸಲ ನಿಷೇಧಿಸಬೇಕಾಯಿತೆಂದರೆ ಯಾರೂ ಬಿಟ್ಟಿರಲಿಲ್ಲ ಎಂದೇ ಅರ್ಥ. ಇದರಲ್ಲಿ ಸಂತ ಅಗಸ್ಟೀನನ ಪಾಡು ಇನ್ನೂ ಸ್ವಾರಸ್ಯದ್ದು. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ, ಎತ್ತಿಕೊಂಡು ಓದು ಎಂದು ಹಾಡುವ ಮಗುವಿನ ದನಿ ಕೇಳಿ, ಪೌಲನ ಪತ್ರಗಳನ್ನು ತೆರೆದು ಮೊದಲು ಕಣ್ಣಿಗೆ ಬಿದ್ದ ಸಾಲಿನಿಂದಲೇ ಬದುಕು ಬದಲಿಸಿಕೊಂಡವನು ಅವನು. ಅದೇ ಅಗಸ್ಟೀನ್ ಮುಂದೆ ಬಿಷಪನಾಗಿ ಬರೆದ ಒಂದು ಪತ್ರದಲ್ಲಿ, ಲೌಕಿಕ ವ್ಯವಹಾರಗಳಿಗಾಗಿ ಸುವಾರ್ತೆಯ ಪುಟಗಳಿಂದ ಶಕುನ ತೆಗೆಯುವುದು ತನಗೆ ಹಿಡಿಸದು ಎನ್ನುತ್ತಾನೆ. ದೆವ್ವಗಳನ್ನು ಕೇಳಲು ಹೋಗುವುದಕ್ಕಿಂತ ಇದು ವಾಸಿ ಎಂಬ ಒಗ್ಗರಣೆಯೂ ಜೊತೆಗಿದೆ.

ದೇವಿಯ ಮುಂದೆ ಪ್ರಸಾದ ಕೇಳಿ, ಹೂ ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ಎಂದು ಉಸಿರು ಹಿಡಿದು ಕಾಯುವುದನ್ನು ಕಂಡ ನಾಡು ನಮ್ಮದು. ಕ್ರೈಸ್ತರಾದವರು ಆ ಹಂಬಲವನ್ನು ದೀಕ್ಷಾಸ್ನಾನದ ತೊಟ್ಟಿಯಲ್ಲಿ ಬಿಟ್ಟು ಬಂದರೆಂದುಕೊಳ್ಳುವುದು ತಪ್ಪು. ಹಾಗೆಂದು ಇದು ಇಲ್ಲಿಯವರಿಗೆ ಮಾತ್ರ ಅಂಟಿದ್ದೂ ಅಲ್ಲ. ಜರ್ಮನಿಯ ಹೆರ್ನ್‌ಹೂಟ್ ಎಂಬ ಪುಟ್ಟ ಊರಿನ ಮೊರಾವಿಯನ್ ಸಮುದಾಯ ವರ್ಷದ ಪ್ರತಿ ದಿನಕ್ಕೂ ಒಂದು ವಚನವನ್ನು ಚೀಟಿ ಎತ್ತಿ ಆರಿಸಿ, 1731ರಿಂದ ಪುಸ್ತಕವಾಗಿ ಅಚ್ಚುಹಾಕುತ್ತ ಬಂದಿದೆ. ಈಗ ಅದು ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಬರುತ್ತದೆ. ಅದೇ ಸಮುದಾಯದವರು ಒಂದು ಕಾಲದಲ್ಲಿ ಮದುವೆಗಳನ್ನೂ ಚೀಟಿಗೇ ಬಿಟ್ಟಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಅದು ಸಡಿಲವಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಬೇರಿರುವುದೂ ಇದಕ್ಕೆ ಹತ್ತಿರದ ಭಕ್ತಿಪಂಥದ ನೆಲದಲ್ಲೇ. ಆ ಮಿಷನರಿಗಳು ಬಾಸೆಲಿನ ಸಮಿತಿಯ ಅಪ್ಪಣೆಯಿಲ್ಲದೆ ಮದುವೆಯಾಗುವಂತಿರಲಿಲ್ಲ. ಮುಖ ನೋಡದ ಗಂಡಿಗೆ ಒಪ್ಪಿಕೊಂಡು, ತಿಂಗಳುಗಟ್ಟಲೆ ಹಡಗಿನಲ್ಲಿ ಕೂತು, ಭಾರತದ ಬಂದರಿನಲ್ಲಿ ಇಳಿದ ಹೆಣ್ಣುಮಕ್ಕಳಿದ್ದರು. ಸಮಿತಿಯ ಆಯ್ಕೆಯನ್ನು ಎಲ್ಲರೂ ದೇವರ ನಡೆಸುವಿಕೆ ಎಂದೇ ಕರೆದರು. ಇಳಿದವಳು ಏನೆಂದುಕೊಂಡಳೋ.

ಇನ್ನು ಚೀಟಿಯನ್ನು ಕೀಳೆಂದು ಬಗೆಯುವ ಓದುಬರಹದ ಕ್ರೈಸ್ತರು ಬಳಸುವ ಎರಡು ಅಳತೆಗೋಲುಗಳಿವೆ. ಒಂದು, ‘ದೇವರು ಬಾಗಿಲು ತೆರೆದರು’. ಇನ್ನೊಂದು, ‘ಈ ವಿಷಯದಲ್ಲಿ ನನಗೆ ಸಮಾಧಾನ ಇದೆ’. ಸಾಕ್ಷಿ ಹೇಳುವವರ ಬಾಯಲ್ಲಿ ಈ ಎರಡು ಮಾತು ಬರದ ಭಾನುವಾರವಿಲ್ಲ. ಯೋನನನ್ನು ಇವೆರಡರಿಂದಲೂ ಅಳೆದು ನೋಡಿ. ನಿನೆವೆಗೆ ಹೋಗೆಂದರೆ ತಾರ್ಷೀಷಿಗೆ ಓಡಿಹೋಗಲು ಯೊಪ್ಪದ ಬಂದರಿಗೆ ಬಂದ. ಹೊರಡಲು ಸಿದ್ಧವಾಗಿದ್ದ ಹಡಗೇ ಸಿಕ್ಕಿತು, ಕೊಡಲು ಕೈಯಲ್ಲಿ ಹಣವೂ ಇತ್ತು. ಇದಕ್ಕಿಂತ ತೆರೆದ ಬಾಗಿಲು ಬೇಕೆ? ಬಿರುಗಾಳಿ ಎದ್ದು ಹಡಗಿನವರೆಲ್ಲ ಅವರವರ ದೇವರನ್ನು ಕೂಗುತ್ತಿರುವಾಗ ಆತ ಕೆಳಗಿನ ಅಟ್ಟದಲ್ಲಿ ಗಾಢನಿದ್ರೆಯಲ್ಲಿದ್ದ. ಇದಕ್ಕಿಂತ ಸಮಾಧಾನ ಬೇಕೆ? ಗೆತ್ಸೇಮನೆಯಲ್ಲಿ ಯೇಸುವಿಗಾದರೋ ಬಾಗಿಲೆಲ್ಲ ಮುಚ್ಚಿತ್ತು, ಸಮಾಧಾನದ ಸುಳಿವಿರಲಿಲ್ಲ. ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬೀಳುತ್ತಿತ್ತೆಂದು ಲೂಕ ಬರೆಯುತ್ತಾನೆ. ನಮ್ಮ ಎರಡು ಅಳತೆಗೋಲುಗಳಲ್ಲಿ ಪಾಸಾಗುವುದು ಓಡಿಹೋದವನು, ಫೇಲಾಗುವುದು ಯೇಸು.

ಇಲ್ಲಿ ವಿಚಾರವಾದಿ ಮಿತ್ರರು ಕೇಳುವ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವುದು ಸರಿಯಲ್ಲ. ಹಾಗಾದರೆ ಇದೆಲ್ಲ ಮನಸ್ಸು ತನ್ನೊಂದಿಗೆ ತಾನೇ ಆಡುವ ಮಾತು ಎಂದು ಒಪ್ಪಿಕೊಂಡಂತಾಯಿತಲ್ಲ? ಹೊರಗಿನಿಂದ ದನಿಯೇ ಬರುವುದಿಲ್ಲ, ಒಳಗಿನದ್ದೇ ತಿರುಗಿ ಕೇಳಿಸುತ್ತದೆ ಎಂದರೆ ಪ್ರಾರ್ಥನೆ ಯಾಕೆ, ಡೈರಿ ಬರೆದರೆ ಸಾಲದೆ? ಪ್ರಶ್ನೆ ಗಟ್ಟಿಯಾದದ್ದು. ಪ್ರಾರ್ಥಿಸುತ್ತಲೂ ಡೈರಿ ಬರೆಯುತ್ತಲೂ ಇದ್ದ ಒಬ್ಬನ ಕೆಲವು ದಿನಗಳನ್ನು ಹತ್ತಿರದಿಂದ ನೋಡಿದರೆ ಇದಕ್ಕೆ ಸ್ವಲ್ಪ ಬೆಳಕು ಸಿಗುತ್ತದೆ.

ಡೀಟ್ರಿಕ್ ಬಾನ್‌ಹಾಫರ್ ಜರ್ಮನಿಯ ಲೂಥರನ್ ಪಾದ್ರಿ, ಹಿಟ್ಲರನ ವಿರೋಧಿ. 1939ರ ಜೂನ್ ತಿಂಗಳಲ್ಲಿ ಗೆಳೆಯರು ಅವನನ್ನು ನ್ಯೂಯಾರ್ಕಿಗೆ ಕರೆಸಿಕೊಂಡರು. ಯುದ್ಧ ಬಾಗಿಲಲ್ಲಿತ್ತು. ಅಮೆರಿಕದಲ್ಲಿ ಉಳಿದುಬಿಟ್ಟರೆ ಪ್ರಾಣವೂ ಉಳಿಯುತ್ತದೆ, ಹಿಟ್ಲರನ ಸೈನ್ಯಕ್ಕೆ ಸೇರುವ ಪ್ರಶ್ನೆಯೂ ಏಳುವುದಿಲ್ಲ. ನಿರಾಶ್ರಿತರ ನಡುವೆ ಕೆಲಸವೂ ಸಿದ್ಧವಿತ್ತು. ಆತ ನೆಮ್ಮದಿಯಿಲ್ಲದೆ ನಗರದ ಬೀದಿಗಳನ್ನು ಸುತ್ತಿದ. ಜೂನ್ 20ರಂದು ಆ ಕೆಲಸ ಬೇಡವೆಂದು ಹೇಳಿಬಿಟ್ಟ. ಯಾಕೆ ಬೇಡವೆಂದೆ ಎಂಬುದು ತನಗೇ ಪೂರ್ತಿ ಸ್ಪಷ್ಟವಿಲ್ಲ, ಇದು ಒಳಗಿನ ಅಪ್ರಾಮಾಣಿಕತೆಯೋ ಅಥವಾ ನಾವು ತಿಳಿಯಲಾರದ ಕಡೆಯಿಂದ ನಮ್ಮನ್ನು ನಡೆಸಲಾಗುತ್ತಿದೆಯೋ ಎಂಬ ಧಾಟಿಯಲ್ಲಿ ಡೈರಿಯಲ್ಲಿ ಬರೆದುಕೊಂಡ. ಆರು ದಿನದ ಮೇಲೆ, ಜೂನ್ 26ರಂದು, ಪೌಲನು ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯ ಅಧ್ಯಾಯ ಓದುವಾಗ ಒಂದು ಕಡೆ ಸಿಕ್ಕಿಹಾಕಿಕೊಂಡ. ಚಳಿಗಾಲಕ್ಕೆ ಮುಂಚೆ ಬಂದುಬಿಡು ಎಂದು ಸೆರೆಯಲ್ಲಿದ್ದ ಪೌಲ ಶಿಷ್ಯನನ್ನು ಕೇಳಿಕೊಳ್ಳುವ ಜಾಗ ಅದು. ದಿನವಿಡೀ ಆ ಮಾತು ಬೆನ್ನು ಬಿಡಲಿಲ್ಲ. ಇದನ್ನು ನನಗೇ ಹೇಳಿದ್ದೆಂದು ತೆಗೆದುಕೊಂಡರೆ ಗ್ರಂಥದ ದುರುಪಯೋಗವಾಗಲಾರದು ಎಂಬರ್ಥದ ಟಿಪ್ಪಣಿ ಬರೆದ. ಜುಲೈ ಮೊದಲ ವಾರ ಕಳೆಯುತ್ತಲೇ ಹಡಗು ಹತ್ತಿದ. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯುರ್ಗ್ ಸೆರೆಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಕಟ್ಟುನಿಟ್ಟಾಗಿ ನೋಡಿದರೆ ಬಾನ್‌ಹಾಫರ್ ಮಾಡಿದ್ದೂ ಕಾರ್ಡು ಎತ್ತಿದ ಕೆಲಸವೇ. ಪೌಲನಿಗೆ ಬೇಕಾಗಿದ್ದದ್ದು ಬಿಟ್ಟುಬಂದ ತನ್ನ ಮೇಲಂಗಿ, ಪುಸ್ತಕಗಳು, ಜೊತೆಗೊಬ್ಬ ಗೆಳೆಯ. ಜರ್ಮನಿಗೂ ಅದಕ್ಕೂ ಸಂಬಂಧವಿಲ್ಲ. ಬೈಬಲ್ ವಿದ್ವಾಂಸನಾಗಿದ್ದವನಿಗೆ ಇದು ಗೊತ್ತಿರಲಿಲ್ಲವೆ? ಗೊತ್ತಿತ್ತೆಂದೇ ದುರುಪಯೋಗದ ಮಾತೆತ್ತಿದ. ಆದರೂ ಹೊಸ ವರ್ಷದ ತಟ್ಟೆಯಿಂದ ಎತ್ತಿದ ಕಾರ್ಡಿಗೂ ಇದಕ್ಕೂ ಅಂತರವಿದೆ. ಆ ವಚನ ತೀರ್ಮಾನವನ್ನು ಕೊಡಲಿಲ್ಲ. ತೀರ್ಮಾನ ಆರು ದಿನ ಮೊದಲೇ, ಬೇರೆ ಕಾರಣಗಳಿಗೆ, ಹೆಣಗಾಡಿ ಆಗಿತ್ತು. ವಚನ ಅವನನ್ನು ಕರೆದದ್ದು ಸುಖದ ಕಡೆಗೂ ಅಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ತನ್ನ ಉದ್ದೇಶಗಳ ಮೇಲೆಯೇ ಅವನಿಗೆ ಅನುಮಾನವಿತ್ತು. ಮನಸ್ಸು ತನ್ನೊಂದಿಗೆ ತಾನೇ ಆಡುವ ಮಾತೇ ಇದು ಎನ್ನುವವರಿಗೆ ನನ್ನ ಉತ್ತರ ಇಷ್ಟು: ಇರಬಹುದು, ದೇವರು ಮನಸ್ಸನ್ನು ಬಿಟ್ಟು ಬೇರೆಲ್ಲಿ ಮಾತಾಡಬೇಕು? ಆದರೆ ತನ್ನೊಂದಿಗೆ ತಾನೇ ಮಾತಾಡಿಕೊಳ್ಳುವ ಮನಸ್ಸು ಸಾಮಾನ್ಯವಾಗಿ ತನ್ನನ್ನು ಉಳಿಸಿಕೊಳ್ಳುವ ಕಡೆಗೆ ವಾಲುತ್ತದೆ. ಅದಕ್ಕೆ ಅಡ್ಡ ಬರುವ ಮಾತು ಅದರೊಳಗೇ ಏಳಬೇಕಾದರೆ, ತಾನು ಬರೆಯದ, ತನಗೆ ಬೇಕಾದಂತೆ ತಿದ್ದಲಾಗದ ಒಂದು ಪುಸ್ತಕದ ಮುಂದೆ ದಿನವೂ ಕೂತ ಅಭ್ಯಾಸ ಇರಬೇಕಾಗುತ್ತದೆ. ಡೈರಿಯ ಮೊದಲ ಓದುಗನೂ ಕೊನೆಯ ಓದುಗನೂ ಬರೆದವನೇ. ಬೈಬಲ್ ಹಾಗಲ್ಲ, ಅಲ್ಲಿ ಹತ್ತನೇ ವಚನ ಇದ್ದೇ ಇರುತ್ತದೆ, ನಾವು ಕಾರ್ಡಿನಲ್ಲಿ ಬಿಟ್ಟರೂ.

‘ದೇವರು ನನ್ನ ಸಂಗಡ ಮಾತಾಡಿದರು’ ಎಂದು ಯಾರಾದರೂ ಹೇಳಿದಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ, ಆ ಮಾತಿಗೆ ಬೆಲೆ ತೆರುವವರು ಯಾರು ಎಂಬುದು. ಅರಸುಗಳ ಮೊದಲನೇ ಪುಸ್ತಕದ 22ನೇ ಅಧ್ಯಾಯದಲ್ಲಿ ಇಸ್ರಾಯೇಲಿನ ಅರಸ ಅಹಾಬ ರಾಮೋತ್ ಗಿಲ್ಯಾದಿನ ಮೇಲೆ ದಂಡೆತ್ತಿ ಹೋಗಬೇಕೆ ಎಂದು ಕೇಳುತ್ತಾನೆ. ಸುಮಾರು ನಾನೂರು ಪ್ರವಾದಿಗಳು ಒಂದೇ ದನಿಯಲ್ಲಿ ಹೋಗು, ಗೆಲ್ಲುತ್ತೀ ಎನ್ನುತ್ತಾರೆ. ಒಬ್ಬನಂತೂ ಕಬ್ಬಿಣದ ಕೊಂಬು ಮಾಡಿಸಿಕೊಂಡು ಬಂದು ಇರಿಯುವಂತೆ ಅಭಿನಯಿಸುತ್ತಾನೆ. ಜೊತೆಗಿದ್ದ ಯೆಹೂದದ ಅರಸ ಯೆಹೋಷಾಫಾಟನಿಗೆ ಯಾಕೋ ಇರುಸುಮುರುಸು. ಇವರನ್ನು ಬಿಟ್ಟು ಬೇರೆ ಯಾರೂ ಇಲ್ಲವೆ ಎಂದು ಕೇಳುತ್ತಾನೆ. ಇಡೀ ಬೈಬಲ್ಲಿನಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆಗಳಲ್ಲಿ ಇದೊಂದು. ನಾನೂರು ಜನ ಒಮ್ಮತದಿಂದಿದ್ದಾರೆ ಎಂಬುದೇ ಅವನಿಗೆ ಅನುಮಾನ ತಂದಿತು. ಇದ್ದಾನೆ ಒಬ್ಬ, ಆದರೆ ಅವನನ್ನು ಕಂಡರೆ ನನಗಾಗದು, ಒಂದು ದಿನವೂ ನನ್ನ ಬಗ್ಗೆ ಒಳ್ಳೆಯದನ್ನು ನುಡಿದವನಲ್ಲ ಎಂದು ಅಹಾಬನ ಉತ್ತರ. ಆ ಒಬ್ಬ ಮೀಕಾಯೆಹು. ಅವನನ್ನು ಕರೆತರಲು ಹೋದ ಆಳು ಕೂಡ ದಾರಿಯಲ್ಲಿ, ಎಲ್ಲರೂ ಒಳ್ಳೆಯದನ್ನೇ ಹೇಳಿದ್ದಾರೆ, ನೀನೂ ಹಾಗೇ ಹೇಳಿಬಿಡು ಎಂದು ಬುದ್ಧಿ ಹೇಳುತ್ತಾನೆ. ಮೀಕಾಯೆಹು ಸೋಲು ನುಡಿದ. ಕೆನ್ನೆಗೆ ಏಟು ಬಿತ್ತು, ಸೆರೆಮನೆಯ ರೊಟ್ಟಿ ನೀರು ಪಾಲಿಗೆ ಬಂತು. ನಾನೂರು ಮಂದಿಗೆ ಅರಮನೆಯ ಊಟ ತಪ್ಪಲಿಲ್ಲ. ಅವರ ಮಾತಿನ ಬೆಲೆಯನ್ನು ರಣದಲ್ಲಿ ಸತ್ತವರು ತೆತ್ತರು.

ಈ ಲೆಕ್ಕ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಈ ಹುಡುಗನೇ ನಿನ್ನ ಗಂಡನೆಂದು ಪ್ರಾರ್ಥನೆಯಲ್ಲಿ ತೋರಿತು ಎಂದು ಹೇಳಿದವರು ಸಂಸಾರ ಮಾಡುವುದಿಲ್ಲ, ಅವಳು ಮಾಡುತ್ತಾಳೆ. ಗುಣವಾಗಿದೆ, ಮಾತ್ರೆ ನಿಲ್ಲಿಸಿ ಎಂದು ಮೈಕಿನಲ್ಲಿ ಸಾರಿದವರ ರಕ್ತದಲ್ಲಿ ಸಕ್ಕರೆ ಏರುವುದಿಲ್ಲ. ಹೊಸ ಕಟ್ಟಡಕ್ಕೆ ನಿಮ್ಮ ಬಳೆ ಕೊಡಬೇಕೆಂದು ದೇವರು ತಿಳಿಸಿದ್ದಾರೆ ಎಂದವರ ಕೈಯಲ್ಲಿ ಬಳೆ ಇರುವುದೇ ಇಲ್ಲ. ಇನ್ನೊಬ್ಬರ ಬದುಕಿನ ಬಗ್ಗೆ ದೇವರ ಚಿತ್ತ ತಿಳಿದುಬಂದವರ ಸಂಖ್ಯೆಯೂ ಆತ್ಮವಿಶ್ವಾಸವೂ ನಮ್ಮ ಸಭೆಗಳಲ್ಲಿ ಸ್ವಲ್ಪ ಹೆಚ್ಚಾಗಿಯೇ ಇದೆ. ಇದಕ್ಕೆ ಪ್ರತಿಯಾಗಿ ಅಪೊಸ್ತಲರ ಕೃತ್ಯಗಳ 21ನೇ ಅಧ್ಯಾಯ ಓದಬೇಕು. ತೂರ್ ಪಟ್ಟಣದ ಶಿಷ್ಯರು ಆತ್ಮಪ್ರೇರಿತರಾಗಿ, ಯೆರೂಸಲೇಮಿಗೆ ಹೋಗಬೇಡ ಎಂದು ಪೌಲನನ್ನು ಎಚ್ಚರಿಸುತ್ತಾರೆ. ಕೈಸರೈಯದಲ್ಲಿ ಅಗಬನೆಂಬ ಪ್ರವಾದಿ ಪೌಲನ ನಡುಕಟ್ಟಿನಿಂದ ತನ್ನದೇ ಕೈಕಾಲು ಕಟ್ಟಿಕೊಂಡು, ಅಲ್ಲಿ ನಿನಗೆ ಹೀಗಾಗುತ್ತದೆ ಎಂದು ತೋರಿಸುತ್ತಾನೆ. ಪೌಲನಿಗೋ, ಹೋಗಲೇಬೇಕೆಂದು ಅದೇ ಆತ್ಮದ ಒತ್ತಾಯ. ಒಂದೇ ಆತ್ಮ, ಎರಡು ಅಭಿಪ್ರಾಯ. ಲೂಕ ಇದನ್ನು ಇಸ್ತ್ರಿ ಮಾಡಲು ಹೋಗುವುದಿಲ್ಲ. ಸಂಕೋಲೆ ಬೀಳುವುದು ಪೌಲನ ಕೈಗೆ, ಹಾಗಾಗಿ ಕೊನೆಯ ಮಾತು ಅವನದು. ಅಳುತ್ತಿದ್ದವರು ಕರ್ತನ ಚಿತ್ತದಂತಾಗಲಿ ಎಂದು ಸುಮ್ಮನಾಗುತ್ತಾರೆ.

ಬೆಲೆ ತೆತ್ತವನೆಲ್ಲ ಸರಿಯಾಗಿರುತ್ತಾನೆಂದೂ ಅಲ್ಲ. ಮತಾಂಧನೂ ಪ್ರಾಣ ಕೊಡುತ್ತಾನೆ, ಕೊಡುವ ಮೊದಲು ಇನ್ನೊಬ್ಬರದ್ದನ್ನು ತೆಗೆಯುತ್ತಾನೆ. ಆದ್ದರಿಂದಲೇ ಸಭೆ, ಹಿರಿಯರು, ಚರ್ಚೆ ಎಂಬ ಕಡಿವಾಣಗಳು ಬಂದವು. ಅನ್ಯಜನರು ಸುನ್ನತಿ ಮಾಡಿಸಿಕೊಳ್ಳಬೇಕೆ ಎಂಬ ವಿಷಯದಲ್ಲಿ ಮೊದಲ ಕ್ರೈಸ್ತರು ಕಾರ್ಡು ಎತ್ತಲಿಲ್ಲ. ಕೂತು ಜಗಳವಾಡಿದರು, ಅನುಭವ ಹೇಳಿದರು, ಗ್ರಂಥ ತೆಗೆದು ನೋಡಿದರು, ಆಮೇಲೆ ಬಂದ ತೀರ್ಮಾನವನ್ನು ಪವಿತ್ರಾತ್ಮನದೂ ತಮ್ಮದೂ ಎಂದು ಒಟ್ಟಿಗೇ ಬರೆದು ಕಳಿಸಿದರು. ಆದರೆ ಸಭೆಯ ಧ್ವನಿಯೇ ದೇವರ ಧ್ವನಿ ಎಂದುಬಿಟ್ಟರೆ ಮತ್ತೆ ನಾನೂರು ಪ್ರವಾದಿಗಳ ಕಡೆಗೇ ಬಂದೆವು. ಪಂಡಿತಾ ರಮಾಬಾಯಿಯ ಬದುಕು ಈ ಇಕ್ಕಟ್ಟನ್ನು ಚೆನ್ನಾಗಿ ತೋರಿಸುತ್ತದೆ. 1858ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಈಕೆ 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಕ್ರೈಸ್ತಳಾದಳು. ಅಲ್ಲಿ ಗಂಡಸರಿಗೆ ಪಾಠ ಹೇಳುವ ಪ್ರಸ್ತಾಪ ಬಂದಾಗ ಭಾರತದಲ್ಲಿದ್ದ ಬಿಷಪ್‌ಗಳು ಕೂಡದು ಎಂದರು. ಗುರುಹಿರಿಯರ ಮಾತಿನಲ್ಲಿ ದೇವರ ಇಚ್ಛೆ ಕಾಣುವ ವಿಧೇಯತೆ ಕಲಿಯಬೇಕೆಂದು ಅವಳನ್ನು ಮಗಳಂತೆ ನೋಡಿಕೊಂಡ ಸಿಸ್ಟರ್ ಜೆರಾಲ್ಡಿನ್ ಒತ್ತಾಯಿಸಿದಳು. ಪುರೋಹಿತರ ನೊಗವನ್ನು ಕಷ್ಟಪಟ್ಟು ಕಳಚಿಬಂದವಳಿಗೆ ಮತ್ತೊಂದು ನೊಗಕ್ಕೆ ಕೊರಳು ಕೊಡುವ ಮನಸ್ಸಿರಲಿಲ್ಲ. ತನಗೂ ಒಂದು ಮನಸ್ಸಾಕ್ಷಿ ಇದೆಯೆಂದು ಕಾಗದದ ಮೇಲೆ ಕಾಗದ ಬರೆದು ವಾದಿಸಿದಳು.

ಅದೇ ರಮಾಬಾಯಿ 1896–97ರ ಬರಗಾಲದಲ್ಲಿ, ಬರದ ಸೀಮೆಯಿಂದ ಮುನ್ನೂರು ಹೆಣ್ಣುಮಕ್ಕಳನ್ನು ಉಳಿಸಬೇಕೆಂದು ದೇವರು ತನ್ನ ಮನಸ್ಸಿಗೆ ತಂದರು ಎಂದು ಬರೆದುಕೊಂಡಿದ್ದಾಳೆ. ಮುನ್ನೂರು ಎಂಬ ಲೆಕ್ಕ ಎಲ್ಲಿಂದ ಬಂತೋ. ಆದರೆ ಅವಳ ಹಿಂದೆ ಏನಿತ್ತೆಂಬುದು ತಿಳಿದಿದೆ. ಅವಳ ತಂದೆ, ತಾಯಿ, ಅಕ್ಕ ಮೂವರೂ ಹಿಂದೆ ಬರಗಾಲದಲ್ಲೇ ಹೊಟ್ಟೆಗಿಲ್ಲದೆ ತೀರಿಕೊಂಡಿದ್ದರು. ಹಸಿವಿನ ಆ ನೆನಪು ಮತ್ತು ದಿನವೂ ಓದುತ್ತಿದ್ದ ಗ್ರಂಥ ಸೇರಿದ ಕಡೆ ಆ ಮಾತು ಹುಟ್ಟಿತು. ಅದರ ಬೆಲೆಯನ್ನು ತಾನೇ ತೆತ್ತಳು. ಕೇಡಗಾಂವದ ಮುಕ್ತಿ ಸದನ ಬೆಳೆದದ್ದು ಆ ಮಕ್ಕಳಿಂದ. ಇಂಥ ಕಡೆ ಇದು ದೇವರದೋ ಅವಳ ಮನಸ್ಸಿನದೋ ಎಂದು ಎಳೆ ಬಿಡಿಸಲು ಕೂರುವುದು ನನಗೆ ಅಷ್ಟು ಮುಖ್ಯವಾಗಿ ಕಾಣುವುದಿಲ್ಲ.

ಪ್ರಾರ್ಥನೆ ಬುದ್ಧಿಯ ಕೆಲಸವನ್ನು ಮಾಡಿಕೊಡುವುದಿಲ್ಲ ಎಂಬುದನ್ನು ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಚೆನ್ನಾಗಿ ಬಲ್ಲವನಾಗಿದ್ದ. ಉತ್ತರ–ದಕ್ಷಿಣಗಳ ಅಂತರ್ಯುದ್ಧದ ನಡುವೆ, 1862ರ ಸೆಪ್ಟೆಂಬರ್ 13ರಂದು ಶಿಕಾಗೋದ ಪಾದ್ರಿಗಳು ಬಂದು, ಗುಲಾಮರನ್ನು ಬಿಡುಗಡೆ ಮಾಡುವುದೇ ದೇವರ ಚಿತ್ತ ಎಂದು ಒತ್ತಾಯಿಸಿದರು. ನನ್ನ ಕರ್ತವ್ಯಕ್ಕೆ ಸೇರಿದ ವಿಷಯವನ್ನು ದೇವರು ಬೇರೆಯವರಿಗೆ ತಿಳಿಸುವುದಾದರೆ ನೇರ ನನಗೇ ತಿಳಿಸಬಹುದಲ್ಲ ಎಂದು ಲಿಂಕನ್ ತುಸು ಕುಟುಕಿದ. ಪವಾಡದ ಕಾಲ ಇದಲ್ಲ, ಕಣ್ಣೆದುರಿನ ಸಂಗತಿಗಳನ್ನು ನೋಡಿ ಯಾವುದು ಸಾಧ್ಯ, ಯಾವುದು ಸರಿ ಎಂದು ನಾನೇ ತಿಳಿದುಕೊಳ್ಳಬೇಕು ಎಂದ. ಬಿಡುಗಡೆಯ ಕರಡು ಆಗಲೇ ಅವನ ಮೇಜಿನ ಖಾನೆಯಲ್ಲಿತ್ತು. ಜುಲೈ 22ರಂದೇ ಸಂಪುಟಕ್ಕೆ ಓದಿ ಹೇಳಿದ್ದ. ಪಾದ್ರಿಗಳು ಬಂದುಹೋದ ನಾಲ್ಕು ದಿನದಲ್ಲಿ ಆಂಟೀಟಮ್ ಕಾಳಗ ನಡೆಯಿತು, ದಕ್ಷಿಣದ ಸೈನ್ಯ ಹಿಂದೆ ಸರಿಯಿತು. ಸೆಪ್ಟೆಂಬರ್ 22ರಂದು ಘೋಷಣೆ ಹೊರಬಿತ್ತು. ಶತ್ರು ಹಿಂದೆ ಸರಿದರೆ ಘೋಷಣೆ ಹೊರಡಿಸುತ್ತೇನೆಂದು ದೇವರಿಗೆ ಮಾತು ಕೊಟ್ಟಿದ್ದೆ ಎಂದು ಆ ದಿನ ಸಂಪುಟದಲ್ಲಿ ಹೇಳಿದ್ದನ್ನು ಮಂತ್ರಿಗಳು ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಪಾದ್ರಿಗಳಿಗೆ ಗದರಿದವನೇ ಗಿದ್ಯೋನನಂತೆ ಗುರುತು ಕೇಳಿದ್ದ! ಮಾಡಬೇಕಾದದ್ದು ಯಾವುದೆಂದು ಯೋಚಿಸಿ ಕಂಡುಕೊಂಡಿದ್ದ, ಗುರುತು ಕೇಳಿದ್ದು ಯಾವಾಗ ಎಂಬುದಕ್ಕೆ ಮಾತ್ರ. 1865ರ ಭಾಷಣದಲ್ಲಿ, ಎರಡೂ ಕಡೆಯವರು ಒಂದೇ ಬೈಬಲ್ ಓದಿ ಒಂದೇ ದೇವರಿಗೆ ಪ್ರಾರ್ಥಿಸಿದ್ದಾರೆ, ಯಾರ ಪ್ರಾರ್ಥನೆಯೂ ಪೂರ್ತಿ ಸಲ್ಲಲಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯವೂ ಅವನಿಗಿತ್ತು. ಗೆದ್ದ ಪಕ್ಷದವನು ಆಡಿದ ಮಾತು ಅದು.

ದಾರಿ ಕೇಳಿದವರಿಗೆ ಬೈಬಲ್ಲಿನಲ್ಲಿ ಸಾಮಾನ್ಯವಾಗಿ ಸಿಗುವುದು ಮುಂದಿನ ಒಂದು ಹೆಜ್ಜೆಯಷ್ಟೆ, ಅದೂ ಅವರು ಊಹಿಸಿಕೊಂಡಂತೆ ಇರುವುದಿಲ್ಲ. ಪೌಲನ ತಂಡ ಆಸ್ಯಸೀಮೆಯಲ್ಲಿ ವಾಕ್ಯ ಹೇಳಲು ಹೊರಟರೆ ಆತ್ಮ ತಡೆಯುತ್ತದೆ. ಬಿಥೂನ್ಯಕ್ಕೆ ಹೋಗಲು ನೋಡಿದರೆ ಅದಕ್ಕೂ ಬೇಡ. ಎರಡು ಬೇಡಗಳ ಮೇಲೆ, ಸಮುದ್ರತೀರದ ತ್ರೋವದಲ್ಲಿ, ರಾತ್ರಿ ಒಂದು ದರ್ಶನ: ಮಕೆದೋನ್ಯದ ಒಬ್ಬ ಗಂಡಸು ನಿಂತು, ಬಂದು ನಮಗೆ ಸಹಾಯ ಮಾಡು ಎನ್ನುತ್ತಾನೆ. ಬೆಳಗಾದ ಮೇಲೆ ಎಲ್ಲರೂ ಸೇರಿ ಇದರ ಅರ್ಥ ಇದೇ ಇರಬೇಕೆಂದು ತೀರ್ಮಾನಿಸಿ ಹಡಗು ಹತ್ತುತ್ತಾರೆ. ಫಿಲಿಪ್ಪಿಗೆ ಬಂದು ಕೆಲವು ದಿನ ಕಳೆದರೂ ಆ ಗಂಡಸಿನ ಸುಳಿವಿಲ್ಲ. ಸಬ್ಬತ್ತಿನ ದಿನ ಊರ ಹೊರಗೆ ಹೊಳೆಯ ದಂಡೆಗೆ ಹೋದರೆ ಅಲ್ಲಿ ಕೂಡಿದ್ದವರು ಹೆಂಗಸರು. ಅವರಲ್ಲಿ ಕಿವಿಗೊಟ್ಟು ಕೇಳಿ ಮನೆಗೆ ಕರೆದವಳು ಧೂಮ್ರವರ್ಣದ ಬಟ್ಟೆ ಮಾರುವ ಲುದ್ಯ. ಅವಳ ಊರು ಥುವತೈರ, ಹೋಗಬೇಡವೆಂದು ತಡೆಯಾಗಿದ್ದ ಅದೇ ಆಸ್ಯಸೀಮೆಯದು.